ಓದುತ್ತಿರುವಾಗಲೇ ಅನಿಮೇಷನ್ ಸ್ಟುಡಿಯೋದವರ ಪರಿಚಯ: ನೀವು ಹೇಗೆ ಮಾಡಿಕೊಂಡಿರಿ?

ಕೊನೇ ವರ್ಷ: ಅನಿಮೇಷನ್ ಕೋರ್ಸಿನ ಕೊನೆಯ ವರ್ಷದಲ್ಲಿದ್ದೇನೆ. ಕ್ಯಾರೆಕ್ಟರ್ ಅನಿಮೇಟರ್ ಆಗಬೇಕು ಅಂತ ಆಸೆ. ಕಾಲೇಜಿಗೆ ಪಾಠ ಮಾಡಲು ಬಂದಿದ್ದ ಲೀಡ್ ಅನಿಮೇಟರ್ ಒಬ್ಬರು ಮೇಲ್ ವಿಳಾಸ ಕೊಟ್ಟು "ರೀಲ್ ಕಳಿಸು, ನೋಡ್ತೀನಿ" ಅಂದಿದ್ದಾರೆ. ಕೆಲಸದ ಮಾದರಿಗಳ ಆ ವಿಡಿಯೋದಲ್ಲಿ ಎರಡು ಶಾಟ್ ಇನ್ನೂ ಬ್ಲಾಕಿಂಗ್‌ನಲ್ಲೇ, ಅಂದರೆ ಮುಖ್ಯ ಪೋಸ್‌ಗಳಷ್ಟೇ ಇರುವ ಕಚ್ಚಾ ಹಂತದಲ್ಲೇ ಇವೆ. ಈಗಲೇ ಕಳಿಸಲಾ, ಮುಗಿಸಿ ಕಳಿಸಲಾ? ಪರಿಚಯ ಬೆಳೆಸಿಕೊಳ್ಳಲು ಬೇರೆ ದಾರಿ ಇದ್ದರೂ ಹೇಳಿ.

ರಿಗ್ಗರಣ್ಣ: "ಒಳ್ಳೆ ಕಾಂಟ್ಯಾಕ್ಟ್ಸ್ ಸಿಗುತ್ತೆ" ಅಂತ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಓದುವಾಗ ಒಂದು ಸಣ್ಣ ಸ್ಟುಡಿಯೋದ ಕಿರುಚಿತ್ರಕ್ಕೆ ಮುಖದ ರಿಗ್, ಅಂದರೆ ಪಾತ್ರದ ಮುಖ ಆಡಿಸುವ ಹಿಡಿಕೆಗಳ ವ್ಯವಸ್ಥೆ, ಮಾಡಿಕೊಟ್ಟೆ. ಬಿಟ್ಟಿಯಾಗಿ. ಮನಶ್ಶಾಸ್ತ್ರಜ್ಞರಾದ ಎಕ್ಮನ್ ಮತ್ತು ಫ್ರೀಸನ್ 1978ರಲ್ಲಿ ಹೊರತಂದ ಎಫ್‌ಎಸಿಎಸ್ ಅನ್ನುವ ಮುಖದ ಚಲನೆಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಹುಬ್ಬು, ರೆಪ್ಪೆ, ತುಟಿಯ ಅಂಚು, ಒಂದೊಂದಕ್ಕೂ ಬ್ಲೆಂಡ್‌ಶೇಪ್ (ಸ್ಲೈಡರ್ ಎಳೆದರೆ ಮುಖ ತಾಳುವ ಆಕಾರ) ಕೆತ್ತಿದೆ. ಮುಗೀತು ಅನ್ನುವಾಗ ಮಾಡೆಲರ್ ಮಹಾಶಯ ಬಾಯಿಯ ಸುತ್ತ ಒಂದೇ ಒಂದು ಎಡ್ಜ್ ಲೂಪ್, ಅಂದರೆ ಗೆರೆಗಳ ಸುತ್ತು, ಸೇರಿಸಿದ. ಶೇಪ್‌ಗಳು ನಂಬಿಕೊಂಡಿದ್ದ ವರ್ಟೆಕ್ಸ್‌ಗಳ (ಮಾಡೆಲ್‌ನ ಬಿಂದುಗಳ) ಕ್ರಮವೆಲ್ಲ ಏರುಪೇರು. ನಗುವಿನ ಸ್ಲೈಡರ್ ಎಳೆದರೆ ಕೆಳತುಟಿ ಕಿವಿಯ ಹತ್ತಿರ ಹೋಗಿ ಕೂರುತ್ತಿತ್ತು. ಶೇಪ್‌ಗಳೆಲ್ಲ ಮತ್ತೆ ಮೊದಲಿಂದ. ಯಾವ ಭಾಗ ಎಷ್ಟು ಜಗ್ಗಬೇಕು ಅನ್ನುವ ಸ್ಕಿನ್ ವೇಟ್ ಕೂಡ ಮತ್ತೆ ಬಳಿದೆ. ಸೆಮಿಸ್ಟರ್ ಪ್ರಾಜೆಕ್ಟ್ ಅಷ್ಟರಲ್ಲಿ ಹಾಳಾಗಿತ್ತು.

ಕೊನೆಗೆ ಎಂಡ್ ಟೈಟಲ್‌ನಲ್ಲಿ ನನ್ನ ಹೆಸರಿಲ್ಲ. ಕೆಲಸದ ಗುಟ್ಟು ಹೊರಗೆ ಬಿಡಬಾರದು ಅನ್ನುವ ಒಪ್ಪಂದಕ್ಕೆ (ಎನ್‌ಡಿಎ) ಸಹಿ ಹಾಕಿಸಿಕೊಂಡಿದ್ದರು, ಹಾಗಾಗಿ ರೀಲ್‌ನಲ್ಲಿ ತೋರಿಸುವ ಹಾಗೂ ಇಲ್ಲ. ನನ್ನ ಕೆಲಸ ನೋಡಿದ್ದ ಒಬ್ಬನೇ ಒಬ್ಬ ಸೂಪರ್‌ವೈಸರ್ ಬೇರೆ ಕಂಪನಿಗೆ ಹೋದ. ಅವನ ಆಫೀಸ್ ಮೇಲ್‌ಗೆ ಬರೆದರೆ ಬೌನ್ಸ್. ಇದೇ ನನಗೆ ಸಿಕ್ಕ ಕಾಂಟ್ಯಾಕ್ಟು.

ಬ್ಯಾಡ್ಜ್ ನೋಡುವವಳು: ನನ್ನದು ಬೇರೆಯೇ ಕಥೆ. ಸಿಗ್ರಾಫ್ ಸಮ್ಮೇಳನದಲ್ಲಿ ಸ್ಟೂಡೆಂಟ್ ವಾಲಂಟಿಯರ್ ಆಗಿದ್ದೆ. 1974ರಿಂದ ನಡೆದು ಬಂದಿರುವ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನ ಅದು. ಪಾಳಿಯಲ್ಲಿ ಕೆಲಸ ಮಾಡಿದರೆ ಪ್ರವೇಶ ಸಿಗುತ್ತದೆ. ವಿಮಾನ, ರೂಮು, ವೀಸಾ ಎಲ್ಲ ನನ್ನ ಕೈಯಿಂದಲೇ ಹೋಯಿತು. ವೀಸಾ ತಡವಾಯಿತು, ಆ ಕಡೆ ಟಿಕೆಟ್ ದರ ಏರುತ್ತಲೇ ಇತ್ತು, ಬುಕ್ ಮಾಡಿದ್ದ ರೂಮಿಗೆ ರಿಫಂಡ್ ಇಲ್ಲ. ಅಪ್ಪನ ಹತ್ತಿರ ಮಾಡಿದ ಸಾಲ ಕೆಲಸಕ್ಕೆ ಸೇರಿದ ಮೇಲೂ ತೀರಿಸುತ್ತಿದ್ದೆ.

ಅಲ್ಲಿ ಹಾಲ್ ಬಾಗಿಲಲ್ಲಿ ನಿಂತು ಬ್ಯಾಡ್ಜ್ ನೋಡಿ ಜನರನ್ನು ಒಳಗೆ ಬಿಡುವುದು ನನ್ನ ಕೆಲಸ. ದೊಡ್ಡವರ ಕಾರ್ಡ್‌ಗಳನ್ನು ಇಸ್ಕೊಂಡು ಬಂದೆ. ಒಬ್ಬರೂ ಉತ್ತರ ಬರೆಯಲಿಲ್ಲ. ಆದರೆ ಪಕ್ಕದ ಬಾಗಿಲಲ್ಲಿ ನಿಂತು ಕಾಲು ನೋವು ಅಂತ ಗೊಣಗುತ್ತಿದ್ದ ಹುಡುಗ ಆಮೇಲೆ ಯಾವಾಗಲೋ ಮೆಸೇಜ್ ಮಾಡಿದ: "ನಮ್ಮ ಟೀಮಿಗೆ ಲೈಟಿಂಗ್‌ಗೆ ಜನ ಬೇಕು, ಬರ್ತೀಯಾ?" ಈಗಲೂ ಅಲ್ಲೇ ಇದ್ದೇನೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಹೇಳಿದ್ದು ಇದನ್ನೇ. ಕೆಲಸದ ಸುದ್ದಿ ಆಪ್ತ ಗೆಳೆಯರಿಗಿಂತ ಅಪರೂಪಕ್ಕೆ ಸಿಗುವ ಪರಿಚಯಸ್ಥರಿಂದ ಜಾಸ್ತಿ ಬರುತ್ತದೆ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತೇ ಇರುತ್ತದಲ್ವಾ?

ಜಾಮ್ ಪ್ರಿಯ: ವಿಮಾನ ಹತ್ತಿ ಹೋಗಿ ಬಾಗಿಲು ಕಾಯುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ ಮೇಡಂ. ಗೇಮ್ ಜಾಮ್‌ಗೆ, ಅಂದರೆ ಕೆಲವೇ ದಿನದಲ್ಲಿ ಒಂದು ಗೇಮ್ ಮಾಡಿ ಮುಗಿಸುವ ಕೂಟಕ್ಕೆ ಹೋಗಿ. ಲೂಡಮ್ ಡೇರ್ 2002ರಿಂದ ಇದೆ, ಗ್ಲೋಬಲ್ ಗೇಮ್ ಜಾಮ್ 2009ರಿಂದ. ಮನೆಯಲ್ಲೇ ಕೂತು ಸೇರಬಹುದು. ನಮ್ಮ ತಂಡದಲ್ಲಿ ಒಂದೇ ಸೀನ್ ಫೈಲನ್ನು ಇಬ್ಬರು ತಿದ್ದಿದೆವು. ಬೈನರಿ ಫೈಲು, ತಂಡದವರ ತಿದ್ದುಪಡಿಗಳನ್ನು ಒಟ್ಟುಮಾಡುವ ಗಿಟ್ ಅದನ್ನು ಮರ್ಜ್ ಮಾಡುವುದಿಲ್ಲ, ಒಬ್ಬರದ್ದು ಉಳಿದರೆ ಇನ್ನೊಬ್ಬರದ್ದು ಹೋಯಿತು. ಹೋಗಿದ್ದು ನನ್ನ ಜಿಗಿತದ ಅನಿಮೇಷನ್. ರಾತ್ರಿಯಿಡೀ ಕೂತು ಮಾಡಿದ್ದು. ಬಾಯಿ ಮುಚ್ಚಿಕೊಂಡು ಮತ್ತೆ ಮಾಡಿದೆ. ಗೇಮ್ ಯಾರಿಗೂ ನೆನಪಿಲ್ಲ. ಆದರೆ ನಾನು ಕೂಗಾಡಲಿಲ್ಲ ಅನ್ನುವುದನ್ನು ಪ್ರೋಗ್ರಾಮರ್ ಹುಡುಗಿ ನೆನಪಿಟ್ಟುಕೊಂಡಿದ್ದಳು. ನನ್ನ ಮೊದಲ ಸಂಬಳದ ಕೆಲಸ ಅವಳ ಕಡೆಯಿಂದಲೇ ಬಂದಿದ್ದು.

ಸಂಬಳ ಎಲ್ಲಿ: ವಾಹ್. ಒಬ್ಬರು ಬಿಟ್ಟಿ ರಿಗ್, ಒಬ್ಬರು ಬಿಟ್ಟಿ ಬಾಗಿಲು, ಇನ್ನೊಬ್ಬರು ಬಿಟ್ಟಿ ರಾತ್ರಿ. ನಿಮ್ಮಂಥವರಿಂದಲೇ ನಮಗೆ ರೇಟ್ ಸಿಗುವುದಿಲ್ಲ. ನಾನು ಓದುವಾಗಲೂ ದುಡ್ಡಿಲ್ಲದೆ ಒಂದು ಫ್ರೇಮ್ ಮಾಡಿದವನಲ್ಲ. ಜಾಹೀರಾತಿನ ರೋಟೋ ಕೆಲಸ, ಅಂದರೆ ದೃಶ್ಯದಿಂದ ವ್ಯಕ್ತಿಯನ್ನು ಬಿಡಿಸಿ ತೆಗೆಯುವ ಕೆಲಸ ಮಾಡಿದೆ. ಕೂದಲಿನ ಅಂಚು ಒಂದೊಂದೇ ಫ್ರೇಮ್ ಕತ್ತರಿಸಿ ಕಣ್ಣು ಕೆಟ್ಟಿತು, ಆದರೆ ದುಡ್ಡು ಬಂತು. ದುಡ್ಡು ಕೊಟ್ಟವರು ಹೆಸರು ಮರೆಯುವುದಿಲ್ಲ. ಬಿಟ್ಟಿ ಇಂಟರ್ನ್‌ಗಳಿಗೆ ಸಂಬಳ ಕೊಡಬೇಕಿತ್ತು ಅಂತ 2013ರಲ್ಲಿ ನ್ಯೂಯಾರ್ಕ್‌ನ ಕೋರ್ಟೇ ಹೇಳಿದೆ. ಸಿನಿಮಾ ಕಂಪನಿ ಮೇಲಿನ ಕೇಸ್ ಅದು.

ಬ್ಯಾಡ್ಜ್ ನೋಡುವವಳು: ಅರ್ಧ ಹೇಳಬೇಡಿ. ಆ ತೀರ್ಪನ್ನು 2015ರಲ್ಲಿ ಮೇಲಿನ ಕೋರ್ಟು ತೆಗೆದುಹಾಕಿತು. ಹೆಚ್ಚಿನ ಲಾಭ ಯಾರಿಗೆ, ಇಂಟರ್ನ್‌ಗಾ ಕಂಪನಿಗಾ ಅಂತ ನೋಡಬೇಕು ಅಂದಿತು.

ಸಂಬಳ ಎಲ್ಲಿ: ಸರಿ, ರಿಗ್ಗರಣ್ಣನ ಕೇಸಲ್ಲಿ ಲಾಭ ಯಾರಿಗಾಯ್ತು, ನೀವೇ ಹೇಳಿ ನೋಡೋಣ.

ಜಾಮ್ ಪ್ರಿಯ: ಜಾಮ್‌ನಲ್ಲಿ ಮಾಡಿದ್ದು ನಮ್ಮದೇ ಗೇಮ್. ಅದನ್ನು ಕೂಲಿ ಕೆಲಸಕ್ಕೆ ಹೋಲಿಸಿದರೆ ಏನು ಹೇಳೋದು? ಸುಮ್ನೆ ಜಗಳಕ್ಕೆ ಬರ್ತೀರಿ.

ಕೊನೇ ವರ್ಷ: ಎಲ್ಲರಿಗೂ ಥ್ಯಾಂಕ್ಸ್. ಆದರೆ ಮೇಲ್ ಈಗ ಕಳಿಸಲಾ, ಬೇಡವಾ?

ಪ್ಲೇಬ್ಲಾಸ್ಟ್: ಕಳಿಸು. ನಮ್ಮ ಟೀಮಿಗೆ ಬರುವ ರೀಲ್‌ಗಳನ್ನು ಮೊದಲು ನೋಡುವವನು ನಾನು. ಬ್ಲಾಕಿಂಗ್ ಶಾಟ್ ತೆಗೆದುಬಿಡು, ಒಳ್ಳೆಯ ಶಾಟ್ ಮೊದಲು ಹಾಕು, ಒಂದು ನಿಮಿಷ ದಾಟಬೇಡ. ದಯವಿಟ್ಟು ನಿನ್ನ ಹೆಸರು ಗರಗರ ತಿರುಗುವ ಟೈಟಲ್ ಹಾಕಬೇಡ. ಅದು ಮುಗಿಯುವಷ್ಟರಲ್ಲಿ ಮುಂದಿನ ರೀಲ್ ತೆರೆದಿರುತ್ತೇನೆ. ಉಚಿತವಾಗಿ ಸಿಗುವ ಅದೇ ರಿಗ್, ಅದೇ ಭಾರದ ಪೆಟ್ಟಿಗೆ ಎತ್ತುವ ಶಾಟ್ ನೋಡಿ ನೋಡಿ ಸಾಕಾಗಿದೆ.

ರಿಗ್ಗರಣ್ಣ: ಉಚಿತ ರಿಗ್ ಯಾರೋ ನನ್ನಂಥವನು ನಿದ್ದೆಗೆಟ್ಟು ಮಾಡಿರುತ್ತಾನೆ. ಅದನ್ನು ಬಯ್ಯುವ ಹಕ್ಕು ನಿಮಗಿಲ್ಲ. ಬ್ಲಾಕಿಂಗ್ ಯಾಕೆ ತೆಗೆಯಬೇಕು? ಪೋಸ್ ಸರಿ ಇದೆಯಾ ಅಂತ ಗೊತ್ತಾಗುವುದೇ ಬ್ಲಾಕಿಂಗ್‌ನಲ್ಲಿ. ಮುಖಕ್ಕೆ ಬಣ್ಣ ಬಳಿದ ಮೇಲೆ ಎಲ್ಲರೂ ಚೆಂದ.

ಪ್ಲೇಬ್ಲಾಸ್ಟ್: ಟೀಮಿಗೆ ಸೇರಿದ ಮೇಲೆ ತೋರಿಸಲಿ. ಸೇರುವುದಕ್ಕೆ ಮುಗಿದ ಕೆಲಸ ಬೇಕು. ರೀಲ್ ನೋಡುವವನು ನಾನಾ ನೀವಾ?

ಜಾಮ್ ಪ್ರಿಯ: ರಿಗ್ಗರಣ್ಣ, ಸಿಟ್ಟು ಬಿಡಿ. ಐಎಂಡಿಬಿ ಅನ್ನುವ ಸಿನಿಮಾ ಮಾಹಿತಿ ತಾಣದಲ್ಲಿ ಆ ಕಿರುಚಿತ್ರದ ಪುಟ ಇದ್ದರೆ 'ಅನ್‌ಕ್ರೆಡಿಟೆಡ್' ಅಂತ ನಿಮ್ಮ ಹೆಸರು ಸೇರಿಸಲು ಅರ್ಜಿ ಹಾಕಬಹುದು.

ರಿಗ್ಗರಣ್ಣ: ನನಗೆ ಕ್ರೆಡಿಟ್ ಕೊಟ್ಟಿಲ್ಲ ಅಂತ ನಾನೇ ಅರ್ಜಿ ಬರೆದು ಹಾಕಿಕೊಳ್ಳಬೇಕಾ? ಚೆನ್ನಾಗಿದೆ.

ಸಂಬಳ ಎಲ್ಲಿ: ಅದೂ ಬಿಟ್ಟಿಯಾಗಿ.