ಸಹಾಯ ಬೇಕು: ಸರ್ಕಾರಿ ಕರಾರಿನ ಹೊಣೆಗಾರಿಕೆ ಷರತ್ತು

ಗೆಳೆಯರೇ, ಸರ್ಕಾರಿ ಕಟ್ಟಡಗಳ ವಿನ್ಯಾಸದ ಟೆಂಡರ್‌ಗಳ ಕುರಿತು ನಮ್ಮ ವಾಸ್ತುಶಿಲ್ಪಿಗಳ ಸಂಘದಿಂದ ಮನವಿಪತ್ರ ಸಿದ್ಧಪಡಿಸುತ್ತಿದ್ದೇವೆ. ಶುಲ್ಕದ ಭಾಗ ಮುಗಿದಿದೆ. ಮೊದಲು ಅರ್ಹತೆ ನೋಡಿ ಆಯ್ಕೆ ಮಾಡಿ, ಆಮೇಲೆ ಶುಲ್ಕ ಮಾತಾಡುವ ಅಮೆರಿಕದ 1972ರ ಬ್ರೂಕ್ಸ್ ಕಾಯ್ದೆಯನ್ನು ಉದಾಹರಿಸಿದ್ದೇವೆ.

ನನ್ನನ್ನು ಕಾಡುತ್ತಿರುವುದು ಹೊಣೆಗಾರಿಕೆಯ ಷರತ್ತು. ‘ಯೋಜನೆಯಲ್ಲಿ ಉಂಟಾಗುವ ಯಾವುದೇ ನಷ್ಟಕ್ಕೆ ವಾಸ್ತುಶಿಲ್ಪಿಯೇ ಹೊಣೆ’ ಎಂಬ ಒಂದು ಸಾಲಿದ್ದರೆ ಸಾಕು, ಗುತ್ತಿಗೆದಾರ ಹಾಕಿದ ಕಳಪೆ ಕಾಂಕ್ರೀಟಿನ ಹೊರೆಯೂ ನಮ್ಮ ತಲೆಗೇ ಬರುತ್ತದೆ. ವೃತ್ತಿ ವಿಮೆಯಾದರೋ ಸಾಮಾನ್ಯವಾಗಿ ನಮ್ಮದೇ ನಿರ್ಲಕ್ಷ್ಯಕ್ಕಷ್ಟೇ ಪರಿಹಾರ ಕೊಡುತ್ತದೆ. ಸಣ್ಣ ಕಚೇರಿಗಳು ಇದನ್ನು ತಾಳಲಾರವು, ಇದು ಅನ್ಯಾಯ.

ಹೊಣೆಗೆ ಮಿತಿ ಹಾಕಿರುವ ಸರ್ಕಾರಿ ಕರಾರು ಯಾರ ಬಳಿಯಾದರೂ ಇದೆಯೇ? ಹೆಸರು, ವಿವರ ಅಳಿಸಿ ಆ ಷರತ್ತಿನ ಒಕ್ಕಣೆಯನ್ನಷ್ಟೇ ಕಳುಹಿಸಿ. ಕಾನೂನು ಬಲ್ಲವರು ನಮ್ಮ ಕರಡನ್ನೊಮ್ಮೆ ಓದಿಕೊಟ್ಟರೆ ದೊಡ್ಡ ಉಪಕಾರ.