ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು: ಎಂಥ ಬ್ಲೇಜರ್ ಕೊಳ್ಳಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಿಂದ ದಿನವೂ ದಾವಣಗೆರೆಯ ಕಾಲೇಜಿಗೆ ಪಾಠ ಮಾಡಲು ಹೋಗುತ್ತೇನೆ. ಡಿಸೆಂಬರ್ ಹತ್ತಿರವಾದಂತೆ, ಬೆಳಗಿನ ಬಸ್ಸಿಗೆ ಕಾಯುವಾಗ ಬೀಸುವ ಗಾಳಿ ಮೈ ಕೊರೆಯುತ್ತದೆ. ಅದೇ ದಿನ ಮಧ್ಯಾಹ್ನದ ತರಗತಿಯಲ್ಲಿ ಬೆವರು ಒರೆಸಿಕೊಳ್ಳಬೇಕಾಗುತ್ತದೆ. ವಾರದಲ್ಲಿ ಮೂರು ದಿನ ಸೀರೆ, ಉಳಿದ ದಿನ ಕುರ್ತಾ. ಎರಡಕ್ಕೂ ಒಪ್ಪುವ ಒಂದೇ ಬ್ಲೇಜರ್ ಕೊಳ್ಳಬೇಕೆಂದಿದ್ದೇನೆ. ಬಟ್ಟೆ, ಉದ್ದ, ಬಣ್ಣಗಳನ್ನು ಹೇಗೆ ಆರಿಸಲಿ?

ಉತ್ತರ 1:
ನಾನು ದಾವಣಗೆರೆಯ ಬ್ಯಾಂಕೊಂದರಲ್ಲಿದ್ದೇನೆ, ಹಲವು ವರ್ಷಗಳಿಂದ ಬ್ಲೇಜರ್ ತೊಡುತ್ತಿದ್ದೇನೆ. ದಪ್ಪ ಉಣ್ಣೆಯದು ಖಂಡಿತ ಬೇಡ ಮೇಡಂ, ಹನ್ನೊಂದು ಗಂಟೆಯ ನಂತರ ಅದು ಕುರ್ಚಿಯ ಬೆನ್ನಿಗೇ ಸೇರುತ್ತದೆ. ತೆಳು ಉಣ್ಣೆಯ ಮಿಶ್ರಣ ಅಥವಾ ಸ್ವಲ್ಪ ಗಟ್ಟಿಯಾದ ಹತ್ತಿ ಬಟ್ಟೆ ಸಾಕು. ಆದರೆ ಹೊರಗಿನ ಬಟ್ಟೆಗಿಂತ ಒಳಗಿನ ಲೈನಿಂಗನ್ನು ಮೊದಲು ನೋಡಿ: ಪಾಲಿಯೆಸ್ಟರ್ ಲೈನಿಂಗ್ ಬೆವರನ್ನು ಹೀರುವುದಿಲ್ಲ, ವಿಸ್ಕೋಸ್ ಆದರೆ ಮೈಗೆ ಹಿತ. ಭುಜ ಮತ್ತು ತೋಳಿಗೆ ಮಾತ್ರ ಲೈನಿಂಗ್ ಇರುವುದು ಸಿಕ್ಕರೆ ನಮ್ಮ ಹವೆಗೆ ಅದೇ ಸರಿ. ಇನ್ನೊಂದು ಮಾತು. ನನ್ನ ಮೊದಲ ಬ್ಲೇಜರನ್ನು ಮನೆಯಲ್ಲೇ ನೀರಿಗೆ ಹಾಕಿ ಒಗೆದೆ. ಒಣಗಿದ ಮೇಲೆ ಎದೆಭಾಗದ ಒಳಗೆ ಆಕಾರ ನಿಲ್ಲಲೆಂದು ಅಂಟಿಸಿದ್ದ ಗಟ್ಟಿ ಬಟ್ಟೆ, ಅಂದರೆ ಬಕ್ರಂ, ಬಿಟ್ಟುಕೊಂಡು, ಎದೆಯ ಮೇಲೆ ಹಪ್ಪಳದ ಹಾಗೆ ಗುಳ್ಳೆಗಳೆದ್ದವು. ಎಷ್ಟು ಇಸ್ತ್ರಿ ಮಾಡಿದರೂ ಅವು ಕೂರಲಿಲ್ಲ. ಡ್ರೈ ಕ್ಲೀನಿಂಗ್ ಖರ್ಚನ್ನೂ ಲೆಕ್ಕಕ್ಕೆ ಹಿಡಿದೇ ಕೊಳ್ಳಿ.

ಉತ್ತರ 2:
ನಾನು ಹೆಂಗಸರ ಉಡುಪು ಹೊಲಿಯುವವಳು. ತೋಳಿನ ಉದ್ದ, ಸೊಂಟದ ಸಡಿಲವನ್ನು ಯಾವ ದರ್ಜಿಯಾದರೂ ಸರಿಮಾಡಿಕೊಡುತ್ತಾರೆ, ಆದರೆ ಭುಜ ಬಿಚ್ಚಿ ಹೊಲಿಯುವುದು ಹೊಸದಾಗಿ ಹೊಲಿದಷ್ಟೇ ಕೆಲಸ. ಆದ್ದರಿಂದ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಗೇ ನಿಲ್ಲುತ್ತದೆಯೇ ಎಂಬುದನ್ನು ಮೊದಲು ಪರೀಕ್ಷಿಸಿ, ಗುಂಡಿ ಹಾಕಿಕೊಂಡು ಕಪ್ಪುಹಲಗೆಯ ಮೇಲೆ ಬರೆಯುವಂತೆ ಕೈ ಎತ್ತಿ ನೋಡಿ. ಬೆನ್ನು ಬಿಗಿದರೆ ಅದನ್ನು ಅಲ್ಲಿಯೇ ಬಿಟ್ಟುಬನ್ನಿ. ಹಿಂಬದಿಯ ಸೀಳಿಗೆ ತಯಾರಿಸುವವರು ಹಾಕಿರುವ ಅಡ್ಡದಾರವನ್ನು ತೊಡುವ ಮುನ್ನ ಕತ್ತರಿಸಬೇಕು. ಅದನ್ನು ಹಾಗೆಯೇ ಬಿಟ್ಟು ತಿರುಗಾಡುವವರನ್ನು ಬಹಳ ನೋಡಿದ್ದೇನೆ.

ಉತ್ತರ 3:
ತಂಗೀ, ಒಂದೇ ಬ್ಲೇಜರ್ ಎರಡಕ್ಕೂ ನಡೆಯುತ್ತದೆ, ಆದರೆ ಉದ್ದದಲ್ಲಿ ಎಚ್ಚರವಿರಲಿ. ತೊಡೆಯವರೆಗೆ ಇಳಿದರೆ ಸೀರೆಯ ನೆರಿಗೆಯೆಲ್ಲ ಮುಚ್ಚಿ ಆಕಾರವೇ ಕೆಡುತ್ತದೆ. ಸೊಂಟದಿಂದ ನಾಲ್ಕು ಬೆರಳು ಕೆಳಗೆ ನಿಂತರೆ ಸೀರೆಗೂ ನೇರ ಕುರ್ತಾಕ್ಕೂ ಹೊಂದುತ್ತದೆ. ಅಗಲ ಘೇರಿನ ಕುರ್ತಾಕ್ಕೆ ಮಾತ್ರ ಒಪ್ಪುವುದಿಲ್ಲ. ಸೆರಗನ್ನು ಕಿರಿದಾಗಿ ಮಡಿಸಿ ಒಳಗೇ ಬಿಡಿ, ಪಿನ್ನನ್ನು ಭುಜದ ನೆತ್ತಿಯ ಮೇಲೆ ಹಾಕದೆ ಸ್ವಲ್ಪ ಹಿಂದಕ್ಕೆ ಹಾಕಿ, ಇಲ್ಲದಿದ್ದರೆ ಭುಜದ ಪ್ಯಾಡಿನ ಕೆಳಗೆ ಗಂಟು ಉಬ್ಬಿ ಕಾಣುತ್ತದೆ. ಬಣ್ಣ ಕಡುನೀಲಿ ಅಥವಾ ಬೂದು ಇರಲಿ; ಮೊಳಕಾಲ್ಮೂರು ರೇಷ್ಮೆಯ ದೊಡ್ಡ ಅಂಚಿನ ಪಕ್ಕದಲ್ಲಿ ಚೌಕಳಿ ಬಟ್ಟೆ ಕಣ್ಣಿಗೆ ಗದ್ದಲವಾಗುತ್ತದೆ. ನಿಜ ಹೇಳಬೇಕೆಂದರೆ, ಅಂಥ ಸೀರೆ ಉಟ್ಟ ದಿನ ಬ್ಲೇಜರನ್ನು ಬಸ್ಸಿನಲ್ಲಿ ಮಾತ್ರ ತೊಟ್ಟು ಕಾಲೇಜಿನಲ್ಲಿ ತೆಗೆದಿಡುವುದೇ ಚೆಂದ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಲೈನಿಂಗ್ ಬಗ್ಗೆ ನನಗೆ ಯೋಚನೆಯೇ ಇರಲಿಲ್ಲ. ಅಕ್ಕ ಹೇಳಿದ ಉದ್ದವನ್ನು ನೋಡಿಕೊಳ್ಳಲು ಈ ಭಾನುವಾರ ಸೀರೆ ಉಟ್ಟುಕೊಂಡೇ ಅಂಗಡಿಗೆ ಹೋಗುತ್ತೇನೆ, ಕುರ್ತಾವನ್ನು ಚೀಲದಲ್ಲಿ ಒಯ್ಯುತ್ತೇನೆ.