ಎಚ್‌ಡಿಎಂಐ ವಿಡಿಯೊ ನೋಡಿ ಮೆಗಾ ಡ್ರೈವ್ ಬಿಚ್ಚಬೇಕಾ?

ತಮ್ಮ: [ವಿಡಿಯೊ: ಹಳೇ ಗೇಮ್ ಕನ್ಸೋಲ್‌ಗೆ ನೀವೇ ಎಚ್‌ಡಿಎಂಐ ಹಾಕಿ] ನಮ್ಮ ಹಳೇ ಸೆಗಾ ಕನ್ಸೋಲ್ ಮೆಗಾ ಡ್ರೈವ್‌ಗೂ ಇದನ್ನೇ ಮಾಡೋಣ. ಭಾನುವಾರ ಬಿಚ್ಚುತ್ತೇನೆ. ಯಾರ ತಕರಾರೂ ಇಲ್ಲ ತಾನೆ?

ಅಕ್ಕ: ನನ್ನದಿದೆ. ಅದರಲ್ಲಿ ಎಚ್‌ಡಿಎಂಐ ಬೋರ್ಡಿನಿಂದ ಬರುವ ಹಳದಿ ವೈರನ್ನು ಎಲ್ಲಿಗೆ ಸೋಲ್ಡರ್ ಮಾಡುತ್ತಾರೆ, ನಿಲ್ಲಿಸಿ ನೋಡು. ಕಾಂಪೋಸಿಟ್ ಪಿನ್‌ಗೆ, ಅಂದರೆ ಟಿವಿಯ ಹಳದಿ ತಂತಿಗೆ ಹೋಗುವ ಸಿಗ್ನಲ್‌ಗೆ. ಈಗ ಟಿವಿಗೆ ಹೋಗುತ್ತಿರುವ ಅದೇ ಮಸುಕು ಚಿತ್ರ ಎಚ್‌ಡಿಎಂಐ ಸಾಕೆಟ್‌ನಿಂದ ಬರುತ್ತದೆ, ಅಷ್ಟೇ. ಅದಕ್ಕೆ ಕೇಸ್ ಬೇರೆ ಕೊರೆಯಬೇಕಾ?

ತಮ್ಮ: ಎಚ್‌ಡಿಎಂಐ ಅಂದರೆ ಡಿಜಿಟಲ್ ಅಲ್ವಾ? ಚೆನ್ನಾಗೇ ಬರಬೇಕು.

ಅಕ್ಕ: ಕೆಡುವುದು ಅದಕ್ಕೂ ಮೊದಲೇ. ಕಾಂಪೋಸಿಟ್‌ನಲ್ಲಿ ಬಣ್ಣವನ್ನೂ ಬೆಳಕನ್ನೂ ಬೆರೆಸಿ ಒಂದೇ ತಂತಿಯಲ್ಲಿ ಕಳಿಸುತ್ತಾರೆ. ಬೆರೆತ ಮೇಲೆ ಪೂರ್ತಿ ಬಿಡಿಸಲು ಆಗುವುದಿಲ್ಲ. ಅಕ್ಷರದ ಅಂಚಿನಲ್ಲಿ ಬಣ್ಣ ಹರಡುವುದು, ಕಾಮನಬಿಲ್ಲಿನ ಪಟ್ಟೆ ಕಾಣುವುದು ಇದರಿಂದಲೇ. ಆದರೆ ಮೆಗಾ ಡ್ರೈವ್‌ನ ವಿಡಿಯೊ ಚಿಪ್ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆಯಾಗಿಯೇ ಕೊಡುತ್ತದೆ. ಆ ಮೂರೂ ಹಿಂದಿನ ಎವಿ ಸಾಕೆಟ್‌ವರೆಗೂ ಬಂದಿವೆ! ಅವನ್ನು ಬೇರೆ ಬೇರೆಯಾಗಿಯೇ ಒಯ್ಯುವ ಆರ್‌ಜಿಬಿ ಸ್ಕಾರ್ಟ್ ಕೇಬಲ್ ಒಂದು, ಅದನ್ನು ಎಚ್‌ಡಿಎಂಐ ಮಾಡಿಕೊಡುವ ಓಎಸ್‌ಎಸ್‌ಸಿ ಥರದ ಡಬ್ಬ ಒಂದು ಸಾಕು. ಒಂದು ಸ್ಕ್ರೂ ಕೂಡ ಮುಟ್ಟಬೇಕಿಲ್ಲ.

ಚಿಕ್ಕಪ್ಪ: ಇಷ್ಟೆಲ್ಲಾ ಯಾಕಮ್ಮ? ಹಳದಿ ತಂತಿ ಟಿವಿಗೆ ಚುಚ್ಚಿ ಸುಮ್ನೆ ಆಡಿ. ನಾವೆಲ್ಲ ಹಾಗೇ ಆಡಿದ್ದು.

ಅಕ್ಕ: ನೀವು ಆಡಿದ್ದು ಡಬ್ಬಾ ಟಿವಿಯಲ್ಲಿ ಚಿಕ್ಕಪ್ಪ. ಈ ಕನ್ಸೋಲ್ ಕಳಿಸುವುದು 240ಪಿ, ಅಂದರೆ ಪ್ರತಿ ಫ್ರೇಮೂ ಪೂರ್ತಿ ಚಿತ್ರ. ಈಗಿನ ಎಷ್ಟೋ ಟಿವಿಗಳು ಅದನ್ನು 480ಐ (ಎರಡು ಅರ್ಧ ಚಿತ್ರ ಸೇರಿ ಒಂದಾಗುವ ಸಿಗ್ನಲ್) ಅಂದುಕೊಂಡು, ಒಂದಾದ ಮೇಲೊಂದು ಬರುವ ಎರಡು ಫ್ರೇಮ್‌ಗಳನ್ನು ಸೇರಿಸಲು ಹೋಗುತ್ತವೆ. ಆಟದಲ್ಲಿ ಮಿನುಗುವ ನೆರಳು ಗೆರೆಗೆರೆಯಾಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಸೇರಿಸಲು ಹೊತ್ತು ಹಿಡಿಯುವುದರಿಂದ, ಬಟನ್ ಒತ್ತಿ, ಆಟದ ಸೋನಿಕ್ ಹಾರುವುದನ್ನು ಕಾಯಬೇಕು. ಓಡುವ ಆಟಕ್ಕೆ ಅದು ಸಾವು. ಓಎಸ್‌ಎಸ್‌ಸಿ ಫ್ರೇಮ್ ಕೂಡಿಟ್ಟುಕೊಳ್ಳುವುದಿಲ್ಲ. ಬಂದ ಗೆರೆಯನ್ನೇ ಎರಡು ಸಲ ಕಳಿಸುತ್ತದೆ. ತಡ ಇಲ್ಲವೆನ್ನುವಷ್ಟು ಕಡಿಮೆ.

ಭಾವ: ಆದರೆ ಸೋನಿಕ್‌ನ ಜಲಪಾತ ಹೋಗುತ್ತದಲ್ಲ! 1991ರ ಮೊದಲ ಆಟ, ಮೊದಲ ಹಂತ. ಕಾಂಪೋಸಿಟ್‌ನಲ್ಲಿ ನೀರಿನ ಹಿಂದಿನ ಬಂಡೆ ಕಾಣುತ್ತದೆ. ಆರ್‌ಜಿಬಿಯಲ್ಲಿ ಬರೀ ಉದ್ದುದ್ದ ಪಟ್ಟೆ. ನನಗೆ ಹಳೆಯ ನೀರೇ ಇಷ್ಟ.

ಅಕ್ಕ: ನೀವು ಹೇಳಿದ್ದು ನಿಜ ಭಾವ. ಈ ಕನ್ಸೋಲ್‌ಗೆ ಒಟ್ಟು 512 ಬಣ್ಣ, ಅದರಲ್ಲಿ ಪರದೆ ಮೇಲೆ ಸಾಮಾನ್ಯವಾಗಿ 64. ಹಾಗಾಗಿ ಒಂದು ಪಟ್ಟೆ ಬಿಟ್ಟು ಒಂದು ಪಟ್ಟೆ ಬರೆಯುತ್ತಿದ್ದರು, ಮಸುಕಿನಲ್ಲಿ ಎರಡೂ ಬೆರೆಯುತ್ತಿದ್ದವು. ಕೇಬಲ್ ಆದರೆ ಬೇಕಾದಾಗ ಬದಲಿಸಬಹುದು. ನಿಮಗೆ ಹಳದಿ, ನನಗೆ ಸ್ಕಾರ್ಟ್. ಕೊರೆದ ತೂತು ಮಾತ್ರ ಮುಚ್ಚುವುದಿಲ್ಲ.

ತಮ್ಮ: ಹಾಗಾದರೆ ಮಾಡ್ ಮಾಡುವುದೇ, ಅಂದರೆ ಬಿಚ್ಚಿ ಒಳಗೆ ಬದಲಿಸುವುದೇ ತಪ್ಪಾ? ನಿಂಟೆಂಡೊದ ಎನ್‌ಇಎಸ್ ಕನ್ಸೋಲ್‌ಗೆ ಎಷ್ಟೊಂದು ಜನ ಮಾಡುತ್ತಾರೆ.

ಅಕ್ಕ: ಎನ್‌ಇಎಸ್‌ಗೆ ಬೇರೆ ದಾರಿ ಇಲ್ಲ. ಅದರ ವಿಡಿಯೊ ಚಿಪ್ ಒಳಗೇ ಕಾಂಪೋಸಿಟ್ ತಯಾರಾಗುತ್ತದೆ, ಆರ್‌ಜಿಬಿ ಹೊರಗೆ ಬರುವುದೇ ಇಲ್ಲ. ಅದಕ್ಕೇ 40 ಕಾಲಿನ ಚಿಪ್ ಕಿತ್ತು, ನಡುವೆ ಆರ್‌ಜಿಬಿ ತಯಾರಿಸುವ ಎನ್‌ಇಎಸ್‌ಆರ್‌ಜಿಬಿ ಬೋರ್ಡ್ ಕೂರಿಸುತ್ತಾರೆ. ಆ ಕೆಲಸ ನೋಡಿದ್ದೀಯಾ? ಪ್ರತಿ ಕಾಲಿನ ಸುತ್ತಲಿನ ಹಳೇ ಸೋಲ್ಡರ್ ಪೂರ್ತಿ ಹೀರಿ ತೆಗೆಯಬೇಕು. ಕಾಲು ತೂತಿನಲ್ಲಿ ಸಲೀಸಾಗಿ ಅಲುಗಾಡಬೇಕು. ಒಂದೇ ಒಂದು ಅಂಟಿಕೊಂಡಿರುವಾಗ ಮೀಟಿದರೂ ತಾಮ್ರದ ಪ್ಯಾಡ್ ಚಿಪ್ ಜೊತೆಗೇ ಎದ್ದು ಬರುತ್ತದೆ. ಅಷ್ಟು ರಿಸ್ಕ್‌ಗೆ ಅಲ್ಲಿ ಪ್ರತಿಫಲ ಇದೆ. ನಿನ್ನ ವಿಡಿಯೊದಲ್ಲಿ ಏನಿದೆ?

ಭಾವ: ಮೊದಲ ಮಾಡೆಲ್‌ನಲ್ಲಿ ಆರ್‌ಜಿಬಿಯಲ್ಲೂ ತೆಳುವಾದ ಉದ್ದ ಗೆರೆಗಳು ಕಾಣಬಹುದು. ಆಕಾಶದಂಥ ಒಂದೇ ಬಣ್ಣದ ಜಾಗದಲ್ಲಿ ಜಾಸ್ತಿ.

ಅಕ್ಕ: ಮೊದಲು ಕೇಬಲ್ ಹಾಕಿ ನೋಡೋಣ. ಗೆರೆ ಕಣ್ಣಿಗೆ ಹೊಡೆದರೆ ಆಗ ಟ್ರಿಪಲ್ ಬೈಪಾಸ್ ಮಾತು. ಅದು ವಿಡಿಯೊ ಚಿಪ್‌ನಿಂದಲೇ ನೇರವಾಗಿ ಸಿಗ್ನಲ್ ತೆಗೆದು, ಹೊಸ ಆಂಪ್ಲಿಫೈಯರ್ ಮೂಲಕ ಕಳಿಸುತ್ತದೆ. ಅದಕ್ಕೆ ನಾನೇ ಪಕ್ಕದಲ್ಲಿ ಕೂರುತ್ತೇನೆ. ತಮ್ಮಾ, ಹಿಂದಿನ ಎವಿ ಸಾಕೆಟ್ ಫೋಟೊ ಹಾಕು.

ತಮ್ಮ: [ಫೋಟೊ] ದೊಡ್ಡ ದುಂಡು ಸಾಕೆಟ್, 8 ತೂತು. ಭಾನುವಾರ ಬಿಚ್ಚಲ್ಲ ಬಿಡು. ಆದರೆ ಕೇಬಲ್ ಸರಿ ಬರಲಿಲ್ಲ ಅಂದರೆ ಮತ್ತೆ ಕೇಳುತ್ತೇನೆ.

ಅಕ್ಕ: ಕೇಳು. 8 ಅಂದರೆ ಮೊದಲ ಮಾಡೆಲ್. ಎರಡನೆಯದಕ್ಕೆ 9 ಪಿನ್, ಆ ಕೇಬಲ್ ಇದಕ್ಕೆ ಕೂರಲ್ಲ. ಇನ್ನೊಂದು, ಈ ಸಾಕೆಟ್‌ನಲ್ಲಿ ಧ್ವನಿ ಮೋನೋ. ಸ್ಟೀರಿಯೋ ಇರುವುದು ಮುಂದಿನ ಹೆಡ್‌ಫೋನ್ ಜ್ಯಾಕ್‌ನಲ್ಲಿ. ಅಲ್ಲಿಗೂ ಒಂದು ತಂತಿ ಕೊಟ್ಟಿರುವ ಕೇಬಲ್ಲನ್ನೇ ತರಿಸು.